ಡಾಕ್ಟರ್ ಮುತ್ತುಲಕ್ಷ್ಮೀ ರೆಡ್ಡಿಯವರು

ಪರರ ಸಂಕಟವನ್ನು ಕಂಡು ಮರುಗುವವರು ಲೋಕದಲ್ಲಿ ಅನೇಕರುಂಟು. ಮರುಗಿದಷ್ಟಕ್ಕೇ ನಿಲ್ಲದೆ, ಆ ಸಂಕಟದ ಬೇರು ಎಲ್ಲಿದೆಯೆಂದು ಹುಡುಕಿ, ಅದನ್ನು ಕೀಳುವ ಕಾನೂನನ್ನು ಮಾಡಿಸಿ, ಆಮೇಲೆ ಬಿಡುಗಡೆ ಹೊಂದಿದವರಿಗೆ ಇರಲು ಒಂದು ಸೂರನ್ನೂ ಬದುಕಲು ಒಂದು ವಿದ್ಯೆಯನ್ನೂ ಒದಗಿಸಿಕೊಟ್ಟವರು ಬಹಳ ವಿರಳ. ಅಂಥ ವಿರಳರಲ್ಲಿ ಒಬ್ಬರು ಮದರಾಸಿನ ಡಾಕ್ಟರ್ ಮುತ್ತುಲಕ್ಷ್ಮೀ ರೆಡ್ಡಿಯವರು. 1886ನೆಯ ಇಸವಿ ಜುಲೈ 30ರಂದು ಹುಟ್ಟಿ, 1968ನೆಯ ಇಸವಿ ಜುಲೈ 22ರಂದು ತೀರಿಕೊಂಡ ಈ ಮಹಿಳೆಯ ಹೆಸರನ್ನು ನಮ್ಮಲ್ಲಿ ಅನೇಕರು ಸಾಮಾನ್ಯ ಜ್ಞಾನದ ಪರೀಕ್ಷೆಗಾಗಿ ಮಾತ್ರ ಬಾಯಿಪಾಠ ಮಾಡಿರುತ್ತೇವೆ. ಬ್ರಿಟಿಷ್ ಇಂಡಿಯಾದಲ್ಲಿ ಶಾಸನ ಸಭೆಯ ಸದಸ್ಯರಾದ ಮೊದಲ ಮಹಿಳೆ ಯಾರು ಎಂಬ ಪ್ರಶ್ನೆಗೆ ಅದು ಉತ್ತರ. ಅವರ ಬಾಳಿನ ನಿಜವಾದ ಹಿರಿಮೆ ಒಂದಂಕದ ಆ ಉತ್ತರದಲ್ಲಿ ಅಡಗುವಂಥದಲ್ಲ.

ನಾನು ಬಳ್ಳಾರಿ ಜಿಲ್ಲೆಯವಳು. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ನಮ್ಮ ಜಿಲ್ಲೆ ಮದರಾಸಿನ ಆಡಳಿತದಲ್ಲಿತ್ತು. ದಕ್ಷಿಣ ಕನ್ನಡ ಜಿಲ್ಲೆಯೂ 1956ರವರೆಗೆ ಅಲ್ಲಿಯೇ ಇತ್ತು. ಆದುದರಿಂದ ಮದರಾಸಿನ ಶಾಸನ ಸಭೆಯಲ್ಲಿ ಆದ ಕಾನೂನುಗಳು ನಮ್ಮ ಊರುಗಳ ಹೆಣ್ಣುಮಕ್ಕಳಿಗೂ ಅನ್ವಯಿಸುತ್ತಿದ್ದವು. ಹೆಣ್ಣುಮಗುವನ್ನು ದೇವರಿಗೆ ಬಿಡುವ ಪದ್ಧತಿಗೆ ನಮ್ಮ ಕಡೆ ಬಸವಿ ಬಿಡುವುದು ಎನ್ನುತ್ತಿದ್ದರು. ಮುತ್ತು ಕಟ್ಟುವುದು ಎಂಬ ಮಾತೂ ಉಂಟು. ನಮ್ಮ ಅಜ್ಜಿ ಈ ಮಾತುಗಳನ್ನು ಆಡುವಾಗ ದನಿ ತಗ್ಗಿಸುತ್ತಿದ್ದಳು. ದೂರದ ಮದರಾಸಿನಲ್ಲಿ ಕುಳಿತು ಆ ತಗ್ಗಿದ ದನಿಯ ವಿಷಯವನ್ನು ತುಂಬಿದ ಸಭೆಯಲ್ಲಿ ಗಟ್ಟಿಯಾಗಿ ಎತ್ತಿದವರು ಯಾರು, ಅವರಿಗೆ ಆ ಧೈರ್ಯ ಎಲ್ಲಿಂದ ಬಂದಿತು ಎಂದು ತಿಳಿಯುವ ಆಸೆಯಿಂದ ನಾನು ಈ ಚರಿತ್ರೆಯನ್ನು ಓದತೊಡಗಿದೆ. ಓದಿ ತಿಳಿದುದನ್ನು ಕಾಲೇಜಿನ ಸಹೋದರ ಸಹೋದರಿಯರ ಮುಂದೆ ಇಡುತ್ತಿದ್ದೇನೆ.

ಮುತ್ತುಲಕ್ಷ್ಮಿಯವರು ಹುಟ್ಟಿದ್ದು ತಮಿಳುನಾಡಿನ ಪುದುಕ್ಕೋಟೆ ಸಂಸ್ಥಾನದಲ್ಲಿ. ತಂದೆ ನಾರಾಯಣಸ್ವಾಮಿ ಅಯ್ಯರ್ ಅಲ್ಲಿನ ಮಹಾರಾಜಾ ಕಾಲೇಜಿನ ಪ್ರಿನ್ಸಿಪಾಲರಾಗಿದ್ದವರು, ಬ್ರಾಹ್ಮಣರು. ತಾಯಿ ಚಂದ್ರಮ್ಮಾಳ್ ದೇವದಾಸಿಯರ ಮನೆತನದಿಂದ ಬಂದವರು. ಈ ಸಂಬಂಧದಿಂದಾಗಿ ತಂದೆಯನ್ನು ಅವರ ಬಂಧುವರ್ಗ ದೂರವಿಟ್ಟಿತು. ಹೀಗೆ ಮಗಳು ಬಾಲ್ಯದಿಂದಲೇ ಎರಡು ಲೋಕಗಳ ನಡುವೆ ಬೆಳೆದಳು. ಒಂದು ಕಡೆ ಪುಸ್ತಕ ಮತ್ತು ಮರ್ಯಾದೆಯ ಲೋಕ. ಇನ್ನೊಂದು ಕಡೆ ಹಾಡು, ನೃತ್ಯಗಳೂ ಅವುಗಳ ಹಿಂದೆ ನೆರಳಿನಂತೆ ಬರುವ ಅಪವಾದವೂ ಇದ್ದ ಲೋಕ. ಎರಡನೆಯ ಲೋಕದಲ್ಲಿ ಹೆಣ್ಣುಮಗುವಿನ ಮುಂದಿನ ದಾರಿಯನ್ನು ಅವಳು ಮಾತು ಕಲಿಯುವ ಮೊದಲೇ ಹಿರಿಯರು ತೀರ್ಮಾನಿಸಿಬಿಡುತ್ತಿದ್ದರೆಂಬುದನ್ನು ಅವರು ಹತ್ತಿರದಿಂದ ಕಂಡಿದ್ದರು. ಮುಂದೆ ಅವರು ಸಭೆಯಲ್ಲಿ ಆಡಿದ ಮಾತುಗಳಿಗೆ ಬಲ ಬಂದದ್ದು ಈ ಅನುಭವದಿಂದ ಎಂದು ನನಗನ್ನಿಸುತ್ತದೆ.

ಆ ಕಾಲದಲ್ಲಿ ಹುಡುಗಿಯರಿಗೆ ವಿದ್ಯೆಯ ಬಾಗಿಲು ಅರ್ಧ ಮಾತ್ರ ತೆರೆದಿತ್ತು. ಮುತ್ತುಲಕ್ಷ್ಮಿ ಮನೆಯಲ್ಲೇ ಓದಿ ಮೆಟ್ರಿಕ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಮುಂದೆ ಓದಲು ಊರಿನಲ್ಲಿದ್ದುದು ಗಂಡುಹುಡುಗರ ಕಾಲೇಜು ಒಂದೇ. ಅಲ್ಲಿಗೆ ಒಬ್ಬ ಹುಡುಗಿ, ಅದರಲ್ಲಿಯೂ ದೇವದಾಸಿ ಮನೆತನದ ತಾಯಿಯ ಮಗಳು, ಬರುವುದನ್ನು ಹಲವು ಮಂದಿ ಪೋಷಕರು ವಿರೋಧಿಸಿದರು. ಕೊನೆಗೆ ಪುದುಕ್ಕೋಟೆಯ ರಾಜರಾದ ಮಾರ್ತಾಂಡ ಭೈರವ ತೊಂಡೈಮಾನರೇ ಅಪ್ಪಣೆ ಕೊಡಬೇಕಾಯಿತು. ತರಗತಿಯಲ್ಲಿ ಹುಡುಗರಿಗೂ ಅವರಿಗೂ ನಡುವೆ ಒಂದು ಪರದೆ. ಆ ಪರದೆಯ ಹಿಂದೆ ಕುಳಿತು ಪಾಠ ಕೇಳಿದ ಹುಡುಗಿ 1907ರಲ್ಲಿ ಮದರಾಸಿನ ವೈದ್ಯಕೀಯ ಕಾಲೇಜನ್ನು ಸೇರಿ, 1912ರಲ್ಲಿ ಉನ್ನತ ದರ್ಜೆಯಲ್ಲಿ ತೇರ್ಗಡೆ ಹೊಂದಿ ಡಾಕ್ಟರಾಗಿ ಹೊರಬಂದರು. ಆ ಕಾಲೇಜಿನಿಂದ ಪದವಿ ಪಡೆದ ಮೊದಲ ಕೆಲವು ಭಾರತೀಯ ಮಹಿಳೆಯರಲ್ಲಿ ಅವರೂ ಒಬ್ಬರು. ಬಳಿಕ ಮದರಾಸಿನ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು.

1914ರಲ್ಲಿ ಅವರು ಡಾಕ್ಟರ್ ಸುಂದರ ರೆಡ್ಡಿಯವರನ್ನು ಮದುವೆಯಾದರು. ಜಾತಿ ಬೇರೆಯಾದುದರಿಂದ 1872ರ ಸಿವಿಲ್ ವಿವಾಹ ಕಾಯಿದೆಯ ಪ್ರಕಾರ ಮದುವೆ ನಡೆಯಿತು. ತಮ್ಮನ್ನು ಸರಿಸಮಾನಳೆಂದು ಕಾಣಬೇಕು, ತಮ್ಮ ಇಷ್ಟದ ಕೆಲಸಕ್ಕೆ ಅಡ್ಡಿ ಬರಬಾರದು ಎಂಬ ಷರತ್ತಿಗೆ ಒಪ್ಪಿದ ಮೇಲೆಯೇ ಅವರು ಆ ಸಂಬಂಧಕ್ಕೆ ಸಮ್ಮತಿಸಿದರಂತೆ. ಸುಂದರ ರೆಡ್ಡಿಯವರು ಕೊಟ್ಟ ಮಾತನ್ನು ಕೊನೆಯವರೆಗೂ ಉಳಿಸಿಕೊಂಡರು. ಪತ್ನಿಯ ಸಾರ್ವಜನಿಕ ಸೇವೆಗೆ ಅವರು ಬೆನ್ನೆಲುಬಾಗಿ ನಿಂತರು.

ವೈದ್ಯವೃತ್ತಿಯಲ್ಲಿ ಅವರು ಕಂಡದ್ದೇನು? ಎಳೆಯ ವಯಸ್ಸಿನಲ್ಲಿ ತಾಯಂದಿರಾಗಿ ಸೊರಗಿದ ಹುಡುಗಿಯರು; ಯಾರದೋ ತಪ್ಪಿಗೆ ಯಾರೋ ತೆತ್ತ ರೋಗಗಳು; ಹೊಟ್ಟೆಯ ಪಾಡಿಗಾಗಿ ಮೈಯನ್ನು ಮಾರಿಕೊಂಡು, ಮರ್ಯಾದಸ್ಥರೆನಿಸಿಕೊಂಡವರ ಬಾಯಲ್ಲಿ ಪಾಪಿಗಳೆನಿಸಿಕೊಂಡವರು. ಅದೇ ಕಾಲದಲ್ಲಿ ಮದರಾಸಿನಲ್ಲಿ ಸೋದರಿ ಸುಬ್ಬಲಕ್ಷ್ಮಿಯವರು ಬಾಲವಿಧವೆಯರನ್ನು ಕೂಡಿಸಿಕೊಂಡು ಓದಿಸುವ ಆಶ್ರಮವನ್ನು ನಡೆಸುತ್ತಿದ್ದರು. ಅಲ್ಲಿನ ಹುಡುಗಿಯರಿಗೆ ಮುತ್ತುಲಕ್ಷ್ಮಿಯವರು ವೈದ್ಯರಾಗಿದ್ದರು. ಮನೆಯವರು ಭಾರವೆಂದು ತಿಳಿದ ಹುಡುಗಿ ಕೆಲವೇ ವರ್ಷಗಳಲ್ಲಿ ಅಧ್ಯಾಪಕಿಯಾಗಿ, ಸ್ವಂತ ಸಂಪಾದನೆಯಿಂದ ತಲೆಯೆತ್ತಿ ನಡೆಯುವುದನ್ನು ಅವರು ಅಲ್ಲಿ ಕಣ್ಣಾರೆ ಕಂಡರು. ಈ ದೃಶ್ಯ ಅವರ ಮನಸ್ಸಿನಲ್ಲಿ ಅಚ್ಚೊತ್ತಿರಬೇಕು.

1925ರಲ್ಲಿ ಸರ್ಕಾರದ ವಿದ್ಯಾರ್ಥಿವೇತನ ಪಡೆದು, ಸ್ತ್ರೀಯರ ಮತ್ತು ಮಕ್ಕಳ ಆರೋಗ್ಯದ ವಿಷಯದಲ್ಲಿ ಹೆಚ್ಚಿನ ವ್ಯಾಸಂಗಕ್ಕಾಗಿ ಅವರು ಸಂಸಾರ ಸಮೇತ ಇಂಗ್ಲೆಂಡಿಗೆ ಹೋದರು. 1926ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಅಂತರರಾಷ್ಟ್ರೀಯ ಮಹಿಳಾ ಸಮ್ಮೇಳನದಲ್ಲಿ ಭಾಗವಹಿಸಿದರು. ಸ್ವದೇಶಕ್ಕೆ ಮರಳಿದಾಗ ಭಾರತೀಯ ಮಹಿಳಾ ಸಂಘದವರು ಅವರ ಹೆಸರನ್ನು ಶಾಸನ ಸಭೆಗೆ ಸೂಚಿಸಿದರು. ರೋಗಿಗಳನ್ನು ಬಿಟ್ಟು ಸಭೆಗೆ ಹೋಗುವುದಕ್ಕೆ ಅವರಿಗೆ ಅಷ್ಟಾಗಿ ಮನಸ್ಸಿರಲಿಲ್ಲ. ಆದರೂ ಒಪ್ಪಿ, ಸರ್ಕಾರದ ನಾಮಕರಣದಿಂದ ಸದಸ್ಯರಾದರು. 1927ರಲ್ಲಿ ಸಭೆ ಅವರನ್ನು ಉಪಾಧ್ಯಕ್ಷರನ್ನಾಗಿ ಆರಿಸಿತು.

ಇಲ್ಲಿಂದ ಅವರ ಬಾಳಿನ ಮುಖ್ಯ ಅಧ್ಯಾಯ ಪ್ರಾರಂಭವಾಗುತ್ತದೆ. 1927ರ ನವೆಂಬರಿನಲ್ಲಿ, ಹೆಣ್ಣುಮಕ್ಕಳನ್ನು ದೇವಾಲಯಗಳಿಗೆ ಬಿಡುವ ಪದ್ಧತಿಯನ್ನು ನಿಲ್ಲಿಸಲು ಸರ್ಕಾರ ಕಾನೂನು ಮಾಡಬೇಕೆಂಬ ಗೊತ್ತುವಳಿಯನ್ನು ಅವರು ಸಭೆಯ ಮುಂದೆ ತಂದರು. ಆಗ ಅವರು ತೋರಿಸಿದ ನಿದರ್ಶನಗಳಲ್ಲಿ ನಮ್ಮ ಮೈಸೂರೂ ಒಂದು. ಮೈಸೂರು ಸಂಸ್ಥಾನವು 1909ರಲ್ಲಿಯೇ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ಸರ್ಕಾರಿ ಆಜ್ಞೆಯ ಮೂಲಕ ನಿಲ್ಲಿಸಿತ್ತು. ಕನ್ನಡಿಗರಾದ ನಾವು ಇದನ್ನು ನೆನೆದು ಹೆಮ್ಮೆ ಪಡಬಹುದು. ಆದರೆ ಸೇವೆ ನಿಂತ ಮರುದಿನ ಆ ಹೆಣ್ಣುಮಗಳ ಮನೆಯ ಒಲೆ ಹೇಗೆ ಉರಿಯಬೇಕು ಎಂಬ ಪ್ರಶ್ನೆಗೆ ಕೇವಲ ನಿಷೇಧದ ಆಜ್ಞೆಯಲ್ಲಿ ಉತ್ತರವಿಲ್ಲ. ಮುತ್ತುಲಕ್ಷ್ಮಿಯವರು ಈ ಪ್ರಶ್ನೆಯನ್ನು ಬಿಡಲಿಲ್ಲ. ಇದೇ ಅವರ ಕೆಲಸದಲ್ಲಿ ನನ್ನ ಮನಸ್ಸನ್ನು ಸೆಳೆದ ಅಂಶ.

ಅಪ್ರಾಪ್ತ ವಯಸ್ಸಿನ ಬಾಲಿಕೆಯನ್ನು ವೇಶ್ಯಾವೃತ್ತಿಗೆ ಒಪ್ಪಿಸುವುದು 1860ರ ದಂಡ ಸಂಹಿತೆಯ ಪ್ರಕಾರವೇ ಅಪರಾಧವಾಗಿತ್ತು. ಹಾಗಿದ್ದರೂ ಪದ್ಧತಿ ಏಕೆ ನಿಲ್ಲಲಿಲ್ಲ? ದೇವರ ಮುಂದೆ ತಾಳಿ ಕಟ್ಟಿಸುವುದು ಧಾರ್ಮಿಕ ವಿಧಿಯೆನಿಸಿತ್ತು. ಅದರ ಹಿಂದಿನ ಉದ್ದೇಶವನ್ನು ನ್ಯಾಯಾಲಯದಲ್ಲಿ ರುಜುವಾತು ಮಾಡುವುದು ಸುಲಭವಾಗಿರಲಿಲ್ಲ. ಇದಕ್ಕಿಂತ ಬಲವಾದ ಇನ್ನೊಂದು ಕಾರಣವೂ ಇತ್ತು. ಅದೇ ಭೂಮಿ. ದೇವಾಲಯದ ಸೇವೆಗೆಂದು ಈ ಕುಟುಂಬಗಳಿಗೆ ಇನಾಮು ಜಮೀನುಗಳು ಇದ್ದವು. ಸೇವೆ ನಡೆಯುವವರೆಗೆ ಮಾತ್ರ ಜಮೀನು. ತಾಯಿಗೆ ವಯಸ್ಸಾದರೆ ಆ ಸ್ಥಾನಕ್ಕೆ ಮಗಳು ಬರಬೇಕು. ಸ್ವಂತ ಮಗಳಿಲ್ಲದಿದ್ದರೆ ಒಂದು ಹುಡುಗಿಯನ್ನು ದತ್ತು ತೆಗೆದುಕೊಳ್ಳಬೇಕು. ಒಂದು ಹುಡುಗಿಯನ್ನು ದೇವರಿಗೆ ಬಿಡದಿದ್ದರೆ ಇಡೀ ಸಂಸಾರದ ಅನ್ನ ಹೋಗುವ ಭಯ. ತಾಯಿಗೆ ಮಗಳ ಮೇಲೆ ಪ್ರೀತಿ ಇಲ್ಲವೆಂದಲ್ಲ. ಆ ಪ್ರೀತಿಯ ಕೈಯನ್ನು ಹಸಿವು ಕಟ್ಟಿಹಾಕಿತ್ತು.

ಮುತ್ತುಲಕ್ಷ್ಮಿಯವರು ಮೊದಲು ಕೈಹಾಕಿದ್ದು ಈ ಗಂಟಿಗೆ. ಅವರ ಪ್ರಯತ್ನದಿಂದ 1929ರಲ್ಲಿ ಮದರಾಸಿನ ಹಿಂದೂ ಧರ್ಮಾದಾಯ ಕಾಯಿದೆಗೆ ಒಂದು ತಿದ್ದುಪಡಿ ಬಂದಿತು. ಅದರಿಂದ ಇನಾಮು ಜಮೀನಿಗೂ ದೇವಾಲಯದ ಸೇವೆಗೂ ಇದ್ದ ಸಂಬಂಧ ಕಡಿಯಿತು. ಸೇವೆಯ ಹಂಗಿಲ್ಲದೆ ಆ ಜಮೀನು ಅದನ್ನು ಅನುಭವಿಸುತ್ತಿದ್ದ ಹೆಂಗಸಿಗೇ ಉಳಿಯುವಂತಾಯಿತು. ಇನ್ನು ಮೇಲೆ ಹೊಲ ಉಳಿಸಿಕೊಳ್ಳಲು ಮಗಳನ್ನು ಕೊಡಬೇಕಾಗಿಲ್ಲ. ಉಪದೇಶದಿಂದ ಆಗದ ಕೆಲಸವನ್ನು ಒಂದು ಹಕ್ಕುಪತ್ರ ಮಾಡಬಲ್ಲದೆಂಬುದನ್ನು ಅವರು ಚೆನ್ನಾಗಿ ಅರಿತಿದ್ದರು. ನಾವು ಓದುವ ಎಷ್ಟೋ ಸುಧಾರಕರ ಚರಿತ್ರೆಗಳಲ್ಲಿ ಈ ವ್ಯವಹಾರಜ್ಞಾನ ಕಾಣಸಿಗುವುದಿಲ್ಲ.

ವಿರೋಧವೇನೂ ಕಡಮೆಯಾಗಿರಲಿಲ್ಲ. ಸತ್ಯಮೂರ್ತಿಯವರಂಥ ಹೆಸರಾಂತ ರಾಷ್ಟ್ರೀಯ ನಾಯಕರು ದೇವಾಲಯದ ಸಂಪ್ರದಾಯದ ಪರವಾಗಿ ವಾದಿಸಿದರು. ದೇವದಾಸಿಯರಲ್ಲಿಯೇ ಅನೇಕರು ಮನವಿಗಳನ್ನು ಸಲ್ಲಿಸಿ ವಿರೋಧ ವ್ಯಕ್ತಪಡಿಸಿದರು. ಅವರಲ್ಲಿ ನಮ್ಮ ಬೆಂಗಳೂರು ನಾಗರತ್ನಮ್ಮನವರೂ ಇದ್ದರು. ನಂಜನಗೂಡಿನ ಕಡೆ ಹುಟ್ಟಿ, ಸಂಗೀತದಲ್ಲಿಯೂ ಸಾಹಿತ್ಯದಲ್ಲಿಯೂ ಪಾಂಡಿತ್ಯ ಗಳಿಸಿ, ತಿರುವೈಯಾರಿನಲ್ಲಿ ತ್ಯಾಗರಾಜಸ್ವಾಮಿಗಳ ಸಮಾಧಿಗೆ ಗುಡಿ ಕಟ್ಟಿಸಿದ ಮಹಾಮಹಿಳೆ ಅವರು. ದೇವದಾಸಿಯರೆಲ್ಲರೂ ವೇಶ್ಯೆಯರೆಂದು ಒಂದೇ ಕಡ್ಡಿಯಲ್ಲಿ ಅಳೆಯುವುದು ಅನ್ಯಾಯ, ಹೆಣ್ಣಿಗೆ ಆಸ್ತಿಯ ಹಕ್ಕನ್ನೂ ವಿದ್ಯೆಯನ್ನೂ ಕೊಟ್ಟ ಸಂಪ್ರದಾಯವನ್ನು ಅಳಿಸಿದರೆ ಕಲೆಗೂ ಕಲಾವಿದೆಯರಿಗೂ ಕೇಡು ಎಂಬುದು ಈ ಪಕ್ಷದವರ ವಾದ. ಇನ್ನೊಂದು ಕಡೆ ಅದೇ ಸಮುದಾಯದ ಮೂವಲೂರು ರಾಮಾಮೃತಮ್ಮಾಳ್ ಪದ್ಧತಿಯನ್ನು ಕಿತ್ತೊಗೆಯಬೇಕೆಂದು ಊರೂರು ತಿರುಗಿ ಹೋರಾಡಿದರು.

ಈ ವಾದಗಳನ್ನು ಓದುವಾಗ ನನಗೆ ನಾಗರತ್ನಮ್ಮನವರ ಪಕ್ಷವನ್ನು ಹಗುರವಾಗಿ ತಳ್ಳಿಹಾಕಲು ಸಾಧ್ಯವಾಗಲಿಲ್ಲ. ಆ ಮೇಲಿನ ವರ್ಷಗಳಲ್ಲಿ ನೃತ್ಯವು ಭರತನಾಟ್ಯವೆಂಬ ಹೆಸರಿನಿಂದ ಗೌರವಸ್ಥರ ಮನೆಗಳಿಗೆ ಬಂದಿತು. ಆದರೆ ತಲೆಮಾರುಗಳಿಂದ ಅದನ್ನು ಕಾಪಾಡಿದ ಹೆಂಗಸರಲ್ಲಿ ಅನೇಕರಿಗೆ ಉಳಿದದ್ದು ಅಪವಾದ ಮಾತ್ರ. ಇದು ಸುಧಾರಣೆಯ ಇತಿಹಾಸದಲ್ಲಿ ಮುಚ್ಚಿಡಬಾರದ ಸಂಗತಿ. ಆದರೂ ಒಂದು ಮಾತನ್ನು ನಾನು ಬಿಡಲಾರೆ. ನಾಗರತ್ನಮ್ಮನವರಂಥ ಪ್ರತಿಭಾವಂತೆ ಸಾವಿರಕ್ಕೊಬ್ಬರು. ಉಳಿದ ಹುಡುಗಿಯರಿಗೆ ಕಲೆಯೂ ಇಲ್ಲ, ಹೊಲವೂ ಇಲ್ಲ. ಯೌವನ ಕಳೆದ ಮೇಲೆ ಮಕ್ಕಳನ್ನು ಸೊಂಟದಲ್ಲಿಟ್ಟುಕೊಂಡು ಬೀದಿ. ಐದಾರು ವರ್ಷದ ಮಗುವಿಗೆ ಆಯ್ಕೆಯೆಂಬುದು ಎಲ್ಲಿಂದ ಬರಬೇಕು? ಮುತ್ತುಲಕ್ಷ್ಮಿಯವರು ಮಾತಾಡಿದ್ದು ಈ ಮಗುವಿನ ಪರವಾಗಿ.

1930ರ ಆರಂಭದಲ್ಲಿ, ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನೇ ನಿಷೇಧಿಸುವ ಮಸೂದೆಯನ್ನು ಅವರು ಮಂಡಿಸಿದರು. ವೇಶ್ಯಾಗೃಹ ನಡೆಸುವವರನ್ನೂ ಹುಡುಗಿಯರ ವ್ಯಾಪಾರ ಮಾಡುವವರನ್ನೂ ದಂಡಿಸುವ ಕಾಯಿದೆಯೂ ಅದೇ ವರ್ಷ ಮದರಾಸು ಪ್ರಾಂತ್ಯದಲ್ಲಿ ಬಂದಿತು. ಅದಕ್ಕಾಗಿ ದುಡಿದವರಲ್ಲಿ ಅವರೂ ಒಬ್ಬರು. ಅಷ್ಟರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದು, ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನವಾಯಿತು. ಅದನ್ನು ಪ್ರತಿಭಟಿಸಿ ಮುತ್ತುಲಕ್ಷ್ಮಿಯವರು ಶಾಸನ ಸಭೆಗೆ ರಾಜೀನಾಮೆ ಕೊಟ್ಟರು. ಕೈಗೆ ಬಂದಿದ್ದ ಮಸೂದೆ ಸಭೆಯಲ್ಲಿಯೇ ಉಳಿಯಿತು. ಅದು ಕಾನೂನಾಗಲು 1947ರವರೆಗೆ ಕಾಯಬೇಕಾಯಿತು. ಬೇರೆಯವರಾಗಿದ್ದರೆ ಇಷ್ಟಕ್ಕೆ ಬೇಸತ್ತು ಸುಮ್ಮನಾಗುತ್ತಿದ್ದರೇನೋ. ಅವರು ಸುಮ್ಮನಾಗಲಿಲ್ಲ, ಅಧಿಕಾರದ ಪೀಠವನ್ನು ಬಿಟ್ಟ ವರ್ಷವೇ ಅವರ ಬಾಳಿನ ಅತಿ ದೊಡ್ಡ ಕೆಲಸಕ್ಕೆ ನಾಂದಿಯಾಯಿತು.

ದೇವದಾಸಿ ಮನೆತನದ ಕೆಲವು ಹುಡುಗಿಯರು, ತಮ್ಮ ಹಿರಿಯರು ಹಿಡಿದ ದಾರಿ ತಮಗೆ ಬೇಡವೆಂದು ನಿಶ್ಚಯಿಸಿ, ಆಶ್ರಯ ಕೋರಿ ಮದರಾಸಿನಲ್ಲಿ ಅವರ ಮನೆ ಬಾಗಿಲಿಗೆ ಬಂದರು. ಅವರನ್ನು ಶಾಲೆಗೆ ಸೇರಿಸಬೇಕು. ಇರಲು ಹಾಸ್ಟೆಲು ಬೇಕು. ಮುತ್ತುಲಕ್ಷ್ಮಿಯವರು ನಗರದ ಹುಡುಗಿಯರ ಹಾಸ್ಟೆಲುಗಳಲ್ಲಿ ವಿಚಾರಿಸಿದರು. ಹುಟ್ಟಿದ ಮನೆತನದ ಹೆಸರು ಕೇಳಿದೊಡನೆ ಬಾಗಿಲುಗಳು ಮುಚ್ಚಿದವು. ಕೆಟ್ಟ ದಾರಿಯನ್ನು ಬಿಟ್ಟು ಬಾ ಎಂದು ಕರೆಯುವ ಸಮಾಜ, ಬಿಟ್ಟು ಬಂದವಳಿಗೆ ಒಂದು ರಾತ್ರಿ ಮಲಗಲು ಚಾಪೆಯಷ್ಟು ಜಾಗ ಕೊಡಲಿಲ್ಲ. ಆಗ ಅವರು ಆ ಹುಡುಗಿಯರನ್ನು ತಮ್ಮ ಮನೆಯಲ್ಲಿಯೇ ಇಟ್ಟುಕೊಂಡರು.

ಹೀಗೆ ಹುಟ್ಟಿತು ಅವ್ವೈ ಇಲ್ಲಮ್. ತಮಿಳಿನಲ್ಲಿ ಇಲ್ಲಮ್ ಎಂದರೆ ಮನೆ; ಅವ್ವೈ ಎಂಬುದು ತಮಿಳರ ಪ್ರಾಚೀನ ಕವಯಿತ್ರಿ ಅವ್ವೈಯಾರ್ ಅವರ ಹೆಸರು. ತಾಯಿಯನ್ನು ಅವ್ವ ಎಂದು ಕರೆಯುವ ನಮ್ಮ ಕಡೆಯವರಿಗೆ ಈ ಹೆಸರು ಇನ್ನೂ ಹತ್ತಿರವಾಗಿ ಕೇಳಿಸುತ್ತದೆ. ಬೆರಳೆಣಿಕೆಯ ಹುಡುಗಿಯರಿಂದ ಪ್ರಾರಂಭವಾದ ಈ ಮನೆ ಕೆಲವು ವರ್ಷಗಳಲ್ಲಿ ಅಡ್ಯಾರಿಗೆ ಬಂದು ನೆಲೆಯೂರಿತು. ದೇವದಾಸಿಯರ ಮಕ್ಕಳು, ಅನಾಥೆಯರು, ಗಂಡನಿಂದ ದೂರವಾದವರು, ನೆಲೆಯಿಲ್ಲದವರು, ಹೀಗೆ ಬಂದವರ ಜಾತಿಯನ್ನು ಕೇಳದೆ, ಹಿಂದಿನ ಬದುಕನ್ನು ಕೆದಕದೆ ಅಲ್ಲಿ ಸೇರಿಸಿಕೊಂಡರು. ಊಟ, ವಸತಿಯಷ್ಟೇ ಅಲ್ಲ. ಅಕ್ಷರ, ಆಮೇಲೆ ಒಂದು ಕಸಬು. ಅಲ್ಲಿ ಬೆಳೆದವರಲ್ಲಿ ಅಧ್ಯಾಪಕಿಯರಾದವರಿದ್ದಾರೆ, ದಾದಿಯರಾದವರಿದ್ದಾರೆ. ಮುಂದೆ ಅಧ್ಯಾಪಕಿಯರ ತರಬೇತಿ ಶಾಲೆಯೂ ಅಲ್ಲಿ ನಡೆಯಿತು.

ಆ ಮನೆಯ ಕ್ರಮವನ್ನು ಗಮನಿಸಿದರೆ ಒಂದು ತತ್ತ್ವ ಸ್ಪಷ್ಟವಾಗುತ್ತದೆ. ದಾನದಿಂದ ಬದುಕುವವಳು ದಾನಿಯ ಮರ್ಜಿಯಲ್ಲಿರುತ್ತಾಳೆ. ಮದುವೆ ಮಾಡಿಸಿ ಕೈತೊಳೆದುಕೊಂಡರೆ ಅವಳು ಇನ್ನೊಬ್ಬರ ಮರ್ಜಿಗೆ ಹೋಗುತ್ತಾಳೆ. ತಿಂಗಳ ಕೊನೆಯಲ್ಲಿ ತನ್ನ ಹೆಸರಿನಲ್ಲಿ ಸಂಬಳ ಎಣಿಸಿಕೊಳ್ಳುವ ಹೆಣ್ಣನ್ನು ಮಾತ್ರ ಯಾರೂ ಹಳೆಯ ಬೀದಿಗೆ ಎಳೆದೊಯ್ಯಲಾರರು. ಪರದೆಯ ಹಿಂದೆ ಕುಳಿತು ಓದಿ ಮೇಲೆ ಬಂದ ಮುತ್ತುಲಕ್ಷ್ಮಿಯವರಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

ಅವರು ಮಾಡಿದ ಇತರ ಕೆಲಸಗಳು ಒಂದೆರಡಲ್ಲ. ಬಾಲ್ಯವಿವಾಹವನ್ನು ತಡೆಯುವ 1929ರ ಶಾರದಾ ಕಾಯಿದೆಗೆ ಬೆಂಬಲವಾಗಿ ನಿಂತರು. ದೇಶದ ವಿದ್ಯಾಭ್ಯಾಸದ ಸ್ಥಿತಿಯನ್ನು ಪರಿಶೀಲಿಸಿದ ಹಾರ್ಟಾಗ್ ಸಮಿತಿಯ ಸದಸ್ಯರಾಗಿದ್ದರು. ತಂಗಿ ಕ್ಯಾನ್ಸರಿನಿಂದ ತೀರಿಕೊಂಡ ದುಃಖವನ್ನು ಮರೆಯದೆ, ಆ ರೋಗಕ್ಕಾಗಿಯೇ ಒಂದು ಆಸ್ಪತ್ರೆ ಬೇಕೆಂದು ವರ್ಷಗಟ್ಟಲೆ ಹಣ ಕೂಡಿಸಿದರು. 1952ರಲ್ಲಿ ಪಂಡಿತ ನೆಹರೂ ಅವರು ಅದರ ಅಸ್ತಿಭಾರ ಹಾಕಿದರು. 1954ರಲ್ಲಿ ಅಡ್ಯಾರಿನ ಕ್ಯಾನ್ಸರ್ ಸಂಸ್ಥೆ ಕೆಲಸ ಪ್ರಾರಂಭಿಸಿತು. ಅವರ ಮಗ ಡಾಕ್ಟರ್ ಕೃಷ್ಣಮೂರ್ತಿಯವರು ಅದನ್ನು ಬೆಳೆಸಿದರು. 1956ರಲ್ಲಿ ಭಾರತ ಸರ್ಕಾರ ಮುತ್ತುಲಕ್ಷ್ಮಿಯವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. ಎಂಬತ್ತೆರಡು ವರ್ಷ ತುಂಬಲು ಕೆಲವೇ ದಿನಗಳಿರುವಾಗ ಅವರು ಕಣ್ಣುಮುಚ್ಚಿದರು. ಅವರು ಕಟ್ಟಿದ ಎರಡು ಸಂಸ್ಥೆಗಳೂ ಇಂದಿಗೂ ನಡೆಯುತ್ತಿವೆ.

ಇನ್ನು ನಮ್ಮ ನಾಡಿನ ಮಾತು. ಬೊಂಬಾಯಿ ಆಧಿಪತ್ಯದಲ್ಲಿದ್ದ ಬೆಳಗಾವಿ, ಧಾರವಾಡ, ಬಿಜಾಪುರಗಳಿಗೆ 1934ರ ಕಾಯಿದೆ ಇತ್ತು. ಬಳ್ಳಾರಿ, ಮಂಗಳೂರುಗಳಿಗೆ ಮದರಾಸಿನ 1947ರ ಕಾಯಿದೆ ಬಂದಿತು. ಕೊನೆಗೆ ಇಡೀ ಕರ್ನಾಟಕಕ್ಕೆ ಅನ್ವಯಿಸುವ ಕಾಯಿದೆಯನ್ನು 1982ರಲ್ಲಿ ನಮ್ಮ ವಿಧಾನಮಂಡಲ ಅಂಗೀಕರಿಸಿತು. ಇಷ್ಟು ಕಾಯಿದೆಗಳಾದ ಮೇಲೆಯೂ, 1993-94ರಲ್ಲಿ ಮತ್ತು 2007-08ರಲ್ಲಿ ಸರ್ಕಾರ ನಡೆಸಿದ ಎರಡು ಸಮೀಕ್ಷೆಗಳಲ್ಲಿ ಗುರುತಿಸಲಾದ ದೇವದಾಸಿಯರ ಒಟ್ಟು ಸಂಖ್ಯೆ 46,660. ಅವರಲ್ಲಿ ಬಹುಮಂದಿ ಉತ್ತರದ ಜಿಲ್ಲೆಗಳವರು, ಬಡವರು, ದಲಿತರು. ಕಾಯಿದೆಗಳು ವ್ಯರ್ಥವೆಂದು ಇದರ ಅರ್ಥವಲ್ಲ. ಒಂದು ಬಾಗಿಲನ್ನು ಮುಚ್ಚುವವರು ಇನ್ನೊಂದು ಬಾಗಿಲನ್ನು ತೆರೆದಿಡಬೇಕು. ತೆರೆಯದಿದ್ದರೆ ಒಳಗಿದ್ದವಳು ಕತ್ತಲೆಯಲ್ಲಿಯೇ ಉಳಿಯುತ್ತಾಳೆ. ಮುತ್ತುಲಕ್ಷ್ಮಿಯವರ ಬಾಳು ಕಲಿಸುವ ಪಾಠ ಇದು.

ಸಹಪಾಠಿಗಳೇ, ನಮ್ಮಂಥ ಸರ್ಕಾರಿ ಕಾಲೇಜುಗಳಿಗೆ ಬರುವ ಹುಡುಗಿಯರಲ್ಲಿ ಅನೇಕರು ತಮ್ಮ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು. ಯಾರ ತಾಯಿ ಯಾರು, ಯಾರ ಅಜ್ಜಿ ಏನಾಗಿದ್ದಳು ಎಂದು ನಾವು ಪಿಸುಮಾತಿನಲ್ಲಿ ವಿಚಾರಿಸಿದರೆ, ಅಂದು ಆ ಹುಡುಗಿಯರಿಗೆ ಬಾಗಿಲು ಹಾಕಿದ ಹಾಸ್ಟೆಲುಗಳ ಸಾಲಿನಲ್ಲಿ ನಾವೂ ನಿಂತಂತೆ. ಪಕ್ಕದಲ್ಲಿ ಕುಳಿತವಳಿಗೆ ಬೆಂಚಿನ ಮೇಲೆ ಸ್ವಲ್ಪ ಜಾಗ ಮಾಡಿಕೊಟ್ಟು, ನೋಟ್ಸು ಹಂಚಿಕೊಂಡು, ಅವಳು ಪರೀಕ್ಷೆ ಮುಗಿಸಿ ಕೆಲಸಕ್ಕೆ ಸೇರುವವರೆಗೆ ಜೊತೆಯಾಗಿ ನಡೆದರೆ, ಆ ಡಾಕ್ಟರಮ್ಮನವರು ತೊಡಗಿಸಿದ ಕೆಲಸದಲ್ಲಿ ನಮ್ಮದೂ ಒಂದು ಅಳಿಲುಸೇವೆ ಸಂದಂತಾಗುತ್ತದೆ.